ಸೂರಿನ ಕೆಳಗಿನ ಮರುಭೂಮಿ

"ನಾನಾ, ಈ ಹುಳ ವಿಲನ್ನಾ?"

ಶಿವಮೊಗ್ಗದ ಮಗಳ ಮನೆಯಲ್ಲಿ ಟಿವಿ ಮುಂದೆ ಕೂತಿದ್ದ ಮೊಮ್ಮಗ ಕೇಳಿದ. 2021ರ 'ಡ್ಯೂನ್' ಚಿತ್ರ ನಡೆಯುತ್ತಿತ್ತು. ಅರಾಕಿಸ್ ಎಂಬ ಮರಳ ಗ್ರಹ. ಅಲ್ಲಿ ಸಿಗುವ ಬೆಲೆಬಾಳುವ 'ಮಸಾಲೆ'ಗಾಗಿ ನೆಲ ಬಗೆಯುತ್ತಿದ್ದ ದೈತ್ಯ ಯಂತ್ರವನ್ನು ಮರಳಿನಡಿಯಿಂದ ಎದ್ದ ಹುಳವೊಂದು ಇಡಿಯಾಗಿ ನುಂಗಿತು.

ಅದರ ಹೆಸರು ಕೇಳಿ ನಾನು ಉತ್ತರ ಹೇಳುವುದನ್ನೇ ಮರೆತೆ. ಶಾಯ್ ಹುಲೂದ್! ಅರಬಿಯಲ್ಲಿ 'ಶೈ' ಎಂದರೆ ವಸ್ತು, 'ಖುಲೂದ್' ಎಂದರೆ ಅಳಿವಿಲ್ಲದಿರುವುದು. ಸೂರಃ ಕಾಫ್‌ನಲ್ಲಿ ಓದಿದ ಪದ ಹಾಲಿವುಡ್ಡಿನ ಹುಳಕ್ಕೆ ಅಂಟಿಕೊಂಡಿದೆ! ಫ್ರಾಂಕ್ ಹರ್ಬರ್ಟ್ 1965ರಲ್ಲಿ ಬರೆದ ಮೂಲ ಕಾದಂಬರಿಯಲ್ಲಿ ಇಂಥ ಪದಗಳು ಬೇಕಾದಷ್ಟಿವೆ: ಮೆಹ್ದಿ, ಲಿಸಾನ್ ಅಲ್ ಗೈಬ್. ಅಲ್ಲಿ ಮತ್ತೆ ಮತ್ತೆ ಬರುವ 'ಜಿಹಾದ್' ಮಾತ್ರ ಸಿನಿಮಾಕ್ಕೆ ಬರುವಾಗ 'ಪವಿತ್ರ ಯುದ್ಧ'ವಾಗಿದೆ. ಉಳಿದವೆಲ್ಲ ಬೇಕು, ಅದೊಂದು ಯಾಕೋ ಭಾರವಾಗಿರಬೇಕು.

ನಾನು ಈ ಹುಳವನ್ನು ಐವತ್ತು ವರ್ಷಗಳ ಹಿಂದೆಯೇ ಕಂಡಿದ್ದೆ, ತೊಗರಿಕಾಳಿನ ಗಾತ್ರದಲ್ಲಿ. ಅಬ್ಬಾ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ನಮ್ಮ ಹೆಂಚಿನ ಮನೆಯ ಸೂರಿನ ಕೆಳಗೆ ಎಂಥ ಮಳೆಗೂ ನೆನೆಯದ ಗೇಣಗಲದ ಧೂಳಿನ ಪಟ್ಟಿಯಿತ್ತು. ಅದರ ತುಂಬ ಆಲಿಕೆಯಂಥ ಪುಟ್ಟ ಕುಳಿಗಳು. ತಳದಲ್ಲಿ ದವಡೆ ಮಾತ್ರ ಹೊರಗಿಟ್ಟು ಹುಳ ಹೂತುಕೊಂಡಿರುತ್ತಿತ್ತು. ಇರುವೆ ಕಾಲಿಟ್ಟರೆ ಮರಳು ಜಾರುತ್ತದೆ. ಅದರ ಅದುರು ಹುಳಕ್ಕೆ ಗೊತ್ತಾಗುತ್ತದೆ. ತಲೆಯಿಂದ ಮರಳು ಚಿಮ್ಮಿ ಇರುವೆಯನ್ನು ಕೆಳಗೆಳೆದು, ರಸ ಹೀರಿ, ಸಿಪ್ಪೆಯನ್ನು ಹೊರಗೆಸೆಯುತ್ತದೆ. ಮುಂದೊಂದು ದಿನ ಏರೋಪ್ಲೇನ್ ಚಿಟ್ಟೆಯಂಥ ರೆಕ್ಕೆ ಮೂಡಿ ಹಾರಿಹೋಗುತ್ತದೆ. ಡ್ಯೂನ್‌ನ ಹುಳವೂ ಹೀಗೇ, ನೆಲದ ಅದುರಿಗೆ ಬರುತ್ತದೆ. ಅದಕ್ಕೇ ಅಲ್ಲಿನ ಜನ ಹೆಜ್ಜೆಯ ಲಯ ತಪ್ಪಿಸಿ ನಡೆಯುತ್ತಾರೆ.

ನಾನೂ ಅಣ್ಣನೂ ಇರುವೆ ಹಿಡಿದು ಕುಳಿಗೆ ಹಾಕುತ್ತಿದ್ದೆವು. ದಿನಕ್ಕೆ ಎಷ್ಟೆಂದು ಲೆಕ್ಕವಿಲ್ಲ. ಒಮ್ಮೆ ಅಮ್ಮಿ ನೋಡಿಬಿಟ್ಟರು. "ಅದರ ರಿಜ್ಕ್ ಅದಕ್ಕೆ ಅಲ್ಲಾಹ್ ಕಳಿಸ್ತಾನೆ. ನಿಮ್ಮನ್ನ ಯಾರು ಕಳಿಸಿದ್ರು?" ಎಂದರು. ಅಣ್ಣ ನಕ್ಕ. ನನಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಅಮ್ಮಿ ಹೋಗಿ ಎಷ್ಟೋ ವರ್ಷವಾಯಿತು, ಆ ಪ್ರಶ್ನೆ ಹೋಗಿಲ್ಲ.

ಮೊಮ್ಮಗನಿಗೆ ಹೇಳಿದೆ: "ಮಸಾಲೆ ಹುಟ್ಟೋದೇ ಆ ಹುಳದಿಂದ ಬೇಟಾ. ಹೊರಗಿನವರು ಬಂದು ಅಗೆದರು, ಸದ್ದು ಕೇಳಿ ಅದು ಬಂತು. ಅಲ್ಲಿನ ಜನಕ್ಕೆ ಅದು ಮರುಭೂಮಿಯ ಅಜ್ಜ."

"ಅಂದ್ರೆ ನಿಮ್ಮ ಥರ ನಾನಾ!" ಎಂದ.

ಮುಂದಿನ ಭಾನುವಾರ ಅವನನ್ನು ಭದ್ರಾವತಿಯ ಅಣ್ಣನ ಮನೆಗೆ ಕರೆದುಕೊಂಡು ಹೋದೆ. ಮುಂದೆಲ್ಲ ಸಿಮೆಂಟ್, ಹಿತ್ತಲಲ್ಲಿ ಮಾತ್ರ ಹಳೆಯ ಸೂರು ಉಳಿದಿದೆ. ಮೂರು ಕುಳಿಗಳಿದ್ದವು. ಹುಡುಗ ಒಂದು ಇರುವೆಯನ್ನು ಎಲೆಯ ಮೇಲೆ ಹತ್ತಿಸಿಕೊಂಡು ನನ್ನ ಮುಖ ನೋಡಿದ. ನಾನು ಏನೂ ಹೇಳಲಿಲ್ಲ. ಅವನು ಎಲೆಯನ್ನು ಗೋಡೆಗೆ ಒರಗಿಸಿಟ್ಟು ಕುಕ್ಕರಗಾಲಲ್ಲಿ ಕೂತ. ಇರುವೆ ಗೋಡೆ ಹತ್ತಿ ಹೋಯಿತು. ಊಟಕ್ಕೆ ಕರೆಯುವವರೆಗೂ ಕುಳಿಗಳ ಕಡೆ ಬೇರೆ ಯಾವ ಇರುವೆಯೂ ಬರಲಿಲ್ಲ.