ಮೊಮ್ಮಗ ತಿದ್ದಿದ ಪಾಠ

ಮಗಳಿಗೆ ಸಿಸೇರಿಯನ್ ಆಗಿ ಗಂಡುಮಗು ಹುಟ್ಟಿದಾಗ ಸಿಸ್ಟರ್ ಹೊರಗೆ ಬಂದು ‘4 ಕಿಲೋ 100 ಗ್ರಾಂ’ ಎಂದರು. ಬೀಗಿತ್ತಿಯವರು ‘ಎಷ್ಟು ಗುಂಡಗಿದಾನೆ, ಮೊದಲು ದೃಷ್ಟಿ ತೆಗೀಬೇಕು’ ಎಂದು ಸಂಭ್ರಮಿಸಿದರು. ಆ ಸಂಭ್ರಮ ಎರಡು ಗಂಟೆಯೂ ಉಳಿಯಲಿಲ್ಲ. ಮಗುವಿನ ಕೈಕಾಲು ಸಣ್ಣಗೆ ನಡುಗುತ್ತಿದ್ದವು. ಹಿಮ್ಮಡಿ ಚುಚ್ಚಿ ಒಂದು ತೊಟ್ಟು ರಕ್ತ ತೆಗೆದು ನೋಡಿದರೆ ಸಕ್ಕರೆ ಬರೀ 27. ನಲವತ್ತರ ಮೇಲಿರಬೇಕಂತೆ. ಮಗುವನ್ನು ನವಜಾತ ಶಿಶುಗಳ ವಿಶೇಷ ಆರೈಕೆ ಘಟಕಕ್ಕೆ ಒಯ್ದರು.

ಮಗಳಿಗೆ ಏಳನೇ ತಿಂಗಳಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತ್ತು. ಪಥ್ಯ ಮಾಡಿದಳು, ಕೊನೆಗೆ ಇನ್ಸುಲಿನ್ನೂ ಚುಚ್ಚಿಕೊಂಡಳು. ಆದರೂ ಆ ಗಾಬರಿಯಲ್ಲಿ ನನ್ನ ಬಾಯಿಂದ ಬಂದ ಮಾತು: ‘ಮಾವಿನಹಣ್ಣು ಬೇಡ ಅಂತ ಬಡಕೊಂಡೆ, ಕೇಳಿದೆಯಾ?’ ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು.

ಸೀಮಂತದ ದಿನ ‘ಇಬ್ಬರ ಊಟ ಮಾಡಬೇಕಮ್ಮ’ ಎಂದು ಅವಳ ಎಲೆಗೆ ಎರಡನೇ ಹೋಳಿಗೆ ಹಾಕಿಸಿದವನು ನಾನೇ ಎಂಬುದು ಆಗ ನೆನಪಾಗಲಿಲ್ಲ.

ಸಂಜೆ ಮಕ್ಕಳ ವೈದ್ಯರನ್ನು ಕೇಳಿದೆ: ‘ತಾಯಿಗೆ ಸಕ್ಕರೆ ಜಾಸ್ತಿ. ಮಗುವಿಗೆ ಕಡಿಮೆ ಹೇಗೆ ಡಾಕ್ಟ್ರೇ?’ ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಮೇದೋಜೀರಕ ಗ್ರಂಥಿಯ ಪಾಠ ಮಾಡಿದವನ ಪ್ರಶ್ನೆ ಇದು!

ಅವರು ಬೇಸರಿಸದೆ ವಿವರಿಸಿದರು. ತಾಯಿಯ ರಕ್ತದ ಗ್ಲೂಕೋಸ್ ಮಾಸನ್ನು ದಾಟಿ ಮಗುವನ್ನು ಸೇರುತ್ತದೆ; ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಬಂದ ಸಕ್ಕರೆಯನ್ನು ನಿಭಾಯಿಸಲು ಮಗುವಿನ ಮೇದೋಜೀರಕವೇ ಹೆಚ್ಚು ಇನ್ಸುಲಿನ್ ತಯಾರಿಸುತ್ತದೆ. ಕೊಬ್ಬು ಸೇರಿ ಮಗು ಗುಂಡಗಾಗುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ಸಕ್ಕರೆಯ ಸರಬರಾಜು ನಿಲ್ಲುತ್ತದೆ. ಗ್ರಂಥಿಗೆ ಮಾತ್ರ ಹಳೆಯ ಅಭ್ಯಾಸ ಬಿಡದು, ಇನ್ಸುಲಿನ್ ಸುರಿಸುತ್ತಲೇ ಇರುತ್ತದೆ. ಡೆನ್ಮಾರ್ಕಿನ ವೈದ್ಯ ಪೆಡರ್ಸನ್ 1950ರ ದಶಕದಲ್ಲೇ ಇದನ್ನು ಹೇಳಿದ್ದರಂತೆ.

‘ಹಾಗಾದರೆ ಮಾವಿನಹಣ್ಣು?’

‘ಒಂದು ಹಣ್ಣಿನಿಂದ ಈ ಕಾಯಿಲೆ ಬರೋದಿಲ್ಲ ಸರ್. ಮಾಸಿನ ಹಾರ್ಮೋನುಗಳು ತಾಯಿಯ ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ಕೆಲವರ ದೇಹ ಹೆಚ್ಚು ಇನ್ಸುಲಿನ್ ಮಾಡಿ ಸರಿದೂಗಿಸುತ್ತೆ, ಕೆಲವರದ್ದಕ್ಕೆ ಆಗೋದಿಲ್ಲ.’

ಮಗುವಿನ ಪುಟ್ಟ ಕೈಗೆ ಗ್ಲೂಕೋಸ್ ಡ್ರಿಪ್ ಹಾಕಿದ್ದರು. ‘ಸಕ್ಕರೆ ತಾನೇ ಕಡಿಮೆ, ಚೂರು ಜೇನು ನೆಕ್ಕಿಸಿದರಾಯಿತು’ ಎಂದ ಬೀಗಿತ್ತಿಯವರನ್ನು ಸಿಸ್ಟರ್ ಗದರಿದರು. ಬೇಕಾದದ್ದು ತಾಯಿಯ ಮೊದಲ ಹಾಲು. ಮಗಳು ಹೊಲಿಗೆಯ ನೋವಿನಲ್ಲೇ ಎದ್ದು ಕುಳಿತು ಬಟ್ಟಲಿಗೆ ಹಿಂಡಿದಳು. ಒಂದು ಚಮಚವೂ ಆಗಲಿಲ್ಲ. ‘ಇಷ್ಟೇನಾ ಅಪ್ಪ?’ ಎಂದಳು. ಅಷ್ಟನ್ನೇ ಚೆಲ್ಲದಂತೆ ಹಿಡಿದು ಘಟಕದ ಬಾಗಿಲಿಗೆ ಒಯ್ದುಕೊಟ್ಟೆ. ಒಳಗೆ ಸಿಸ್ಟರ್ ಒಳಲೆಯಲ್ಲಿ ಕುಡಿಸಿದರು. ಎರಡು ಮೂರು ಗಂಟೆಗೊಮ್ಮೆ ಇದೇ ಓಡಾಟ. ಪ್ರತಿ ಪರೀಕ್ಷೆಯ ಅಂಕಿಯನ್ನೂ ಔಷಧಿ ಬಿಲ್ಲಿನ ಹಿಂದೆ ಬರೆದುಕೊಂಡೆ: 36, 43, 41, 55. ಯಾವ ವಿದ್ಯಾರ್ಥಿಯ ಅಂಕಕ್ಕೂ ನಾನು ಹೀಗೆ ಕಾದಿರಲಿಲ್ಲ.

ಎರಡನೆಯ ರಾತ್ರಿ ಅದೇ ಬಿಲ್ಲಿನಲ್ಲಿ ತಾಯಿ, ಮಾಸು, ಮಗುವಿನ ಚಿತ್ರ ಬರೆದು ಮಗಳಿಗೆ ಪಾಠ ಹೇಳಿದೆ. ‘ನೋಡು ಪುಟ್ಟಿ, ಇದರಲ್ಲಿ ಮಾವಿನಹಣ್ಣು ಎಲ್ಲೂ ಇಲ್ಲ. ಮೊನ್ನೆ ನಾನು ಹಾಗೆ ಹೇಳಿದ್ದು ತಪ್ಪು.’

ಅವಳು ಬಹಳ ಹೊತ್ತು ಚಿತ್ರವನ್ನೇ ನೋಡಿದಳು. ‘ಭಾಗಗಳನ್ನು ಗುರುತಿಸಿಲ್ಲ ಅಪ್ಪ. ಅರ್ಧ ಅಂಕ ಕಟ್ ಅಲ್ವಾ?’ ಎಂದು ನಗುತ್ತಲೇ ಕಣ್ಣೊರೆಸಿಕೊಂಡಳು.

ನಾಲ್ಕನೆಯ ದಿನ ಡ್ರಿಪ್ ತೆಗೆದು ಮಗುವನ್ನು ಅವಳ ಮಡಿಲಿಗೆ ಕೊಟ್ಟರು. ಆರು ವಾರದ ನಂತರ ಮಗಳ ಸಕ್ಕರೆ ಮತ್ತೆ ಪರೀಕ್ಷಿಸಿದ್ದಾಯಿತು, ಸರಿಯಿದೆ. ಇಂಥ ತಾಯಂದಿರಿಗೆ ಮುಂದೆ ಕಾಯಿಲೆ ಬರುವ ಸಂಭವ ಹೆಚ್ಚಾದ್ದರಿಂದ ಆಗಾಗ ನೋಡಿಸುತ್ತಿರಬೇಕು.

ಈಗ ಯಾರಾದರೂ ‘ಮಗು ಗುಂಡಗಿದೆ’ ಎಂದರೆ ‘ಸಕ್ಕರೆ ನೋಡಿದ್ರಾ?’ ಎಂದು ಬಾಯಿಗೆ ಬಂದುಬಿಡುತ್ತದೆ. ‘ಬಾಣಂತಿ ಮನೇಲೂ ಮೇಷ್ಟರ ಬುದ್ಧಿ’ ಎಂದು ನನ್ನಾಕೆ ಗೊಣಗುತ್ತಾಳೆ.