ಬಯೋಡೇಟಾದಲ್ಲಿ ಬರೆಯದೆ ಬಿಟ್ಟದ್ದು

ಕಳೆದ ತಿಂಗಳು ತಂಗಿಯ ಮಗಳು ಒಂದು ಹಾಳೆ ಹಿಡಿದುಕೊಂಡು ಮನೆಗೆ ಬಂದಳು. ಬಿ.ಕಾಂ. ಮುಗಿಸಿ ಕೆಲಸ ಹುಡುಕುತ್ತಿರುವ ಹುಡುಗಿ. ಮಂಗಳೂರಿನದೇ ಒಂದು ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿಗೆ ಅರ್ಜಿ ಹಾಕಬೇಕಿತ್ತು. "ಖಾಲಾ, ಇದನ್ನೊಮ್ಮೆ ನೋಡಿ, ತಪ್ಪಿದ್ದರೆ ತಿದ್ದಿ ಕೊಡಿ" ಎಂದಳು. ಓದಿದೆವು. ಇಂಗ್ಲಿಷಿನಲ್ಲಿ ಒಂದು ತಪ್ಪೂ ಇರಲಿಲ್ಲ. ಪರಿಶ್ರಮಿ, ಎಲ್ಲರೊಡನೆ ಹೊಂದಿಕೊಂಡು ದುಡಿಯುವವಳು, ಒತ್ತಡ ತಾಳಿಕೊಳ್ಳುವವಳು ಎಂದೆಲ್ಲ ಬರೆದಿತ್ತು. "ಇದೆಲ್ಲ ಯಾರ ಗುಣ ಬೇಟಾ?" ಎಂದು ಕೇಳಿದೆವು. "ಎಲ್ಲರೂ ಹೀಗೇ ಬರೆಯುವುದು ಖಾಲಾ. ಮೊಬೈಲಿನಲ್ಲಿ ಸಿಕ್ಕಿತು" ಎಂದು ನಕ್ಕಳು.

ಅವಳನ್ನು ಗದರಿಸುವ ಹಕ್ಕು ನಮಗಿರಲಿಲ್ಲ. ನಮ್ಮ ಮೊದಲ ಸಂದರ್ಶನ ನೆನಪಾಯಿತು. 2003ನೇ ಇಸವಿ. ಹಂಪನಕಟ್ಟೆಯ ಒಂದು ಕಟ್ಟಡದ ಎರಡನೇ ಮಹಡಿಯ ಕಚೇರಿ. ನಾವು ಓದಿದ್ದು ಮೊದಲು ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ ಮಾಧ್ಯಮದಲ್ಲಿ. ಮನೆಯಲ್ಲಿ ‘ಹಮ್’ ಎಂದು ಹೇಳಿಯೇ ಅಭ್ಯಾಸ. ಕನ್ನಡದಲ್ಲೂ ಅದು ‘ನಾವು’ ಆಗಿಯೇ ನಾಲಗೆಗೆ ಬರುತ್ತಿತ್ತು, ಇಂದಿಗೂ ಬರುತ್ತದೆ. "ನಾವು ಪತ್ರಿಕೆಗಳಿಗೆ ಕತೆ ಬರೆಯುತ್ತೇವೆ ಸಾರ್" ಎಂದಾಗ ಮೇಜಿನಾಚೆ ಕುಳಿತವರು, "ಎಷ್ಟು ಜನ ಸೇರಿ ಬರೆಯುತ್ತೀರಿ?" ಎಂದರು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ಆ ನಗುವಿಗೆ ಕುಗ್ಗಿದ ನಾವು, ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗ್ ಬರುತ್ತದೆಯೇ ಎಂಬ ಮುಂದಿನ ಪ್ರಶ್ನೆಗೆ "ಬರುತ್ತದೆ" ಎಂದುಬಿಟ್ಟೆವು. ಕೀಬೋರ್ಡನ್ನು ದೂರದಿಂದ ನೋಡಿದ್ದಷ್ಟೆ! ಅವರು ಕಂಪ್ಯೂಟರಿನ ಮುಂದೆ ಕೂರಿಸಿದರು. ‘ಮಂಗಳೂರು’ ಎಂದು ಬರೆಯಲು ‘ಮ’ ಎಲ್ಲಿದೆಯೆಂದು ಹುಡುಕುವುದರಲ್ಲೇ ಹೊತ್ತು ಕಳೆಯಿತು. ಕೊನೆಗೆ ಅವರು ನಗದೆ ಹೇಳಿದರು: "ಗೊತ್ತಿಲ್ಲ ಎಂದಿದ್ದರೆ ಒಂದು ತಿಂಗಳಲ್ಲಿ ಕಲಿಸುತ್ತಿದ್ದೆವಮ್ಮ. ಆದರೆ ಇದಕ್ಕೇನು ಮಾಡುವುದು?"

ಆ ಕೆಲಸ ಸಿಗಲಿಲ್ಲ. ಪಾಠ ಸಿಕ್ಕಿತು. ಕೆಲಸ ಕೊಡುವವರು ನಮ್ಮಲ್ಲಿ ಎರಡು ಬಗೆಯ ಅರ್ಹತೆ ನೋಡುತ್ತಾರೆ. ಒಂದು, ಕಲಿಸಿದರೆ ಬರುವಂಥದ್ದು. ಟೈಪಿಂಗ್, ಲೆಕ್ಕ ಬರೆಯುವ ಟ್ಯಾಲಿ, ಇಂಗ್ಲಿಷಿನಲ್ಲಿ ಪತ್ರವ್ಯವಹಾರ. ಇವು ಬೇಕೇ ಬೇಕು, ತರಗತಿಗೆ ಹೋಗಿ ಕಲಿಯಬಹುದು. ಇನ್ನೊಂದನ್ನು ಯಾವ ಕಂಪೆನಿಯೂ ಒಂದು ತಿಂಗಳಲ್ಲಿ ಕಲಿಸಲಾರದು. ಯಾರೂ ನೋಡದಿರುವಾಗಲೂ ಈ ವ್ಯಕ್ತಿ ಕೆಲಸವನ್ನು ಸರಿಯಾಗಿ ಮಾಡುತ್ತಾನೆಯೇ? ತಿಳಿಯದ್ದನ್ನು ತಿಳಿಯದು ಎನ್ನುತ್ತಾನೆಯೇ?

ಈ ಎರಡನೆಯದನ್ನು ನಾವು ಮನೆಯಲ್ಲೇ ಕಂಡಿದ್ದೆವು, ಗುರುತಿಸಿರಲಿಲ್ಲ. ಅಮ್ಮಿ ಬೀಡಿ ಕಟ್ಟುತ್ತಿದ್ದರು. ಬೀಡಿ ಬ್ರಾಂಚಿನಲ್ಲಿ ಕಟ್ಟುಗಳನ್ನು ಬಿಚ್ಚಿ ನೋಡುವರು. ಸಡಿಲವಾದ, ಎಲೆ ಹರಿದ ಬೀಡಿ ಸಿಕ್ಕರೆ ತೆಗೆದು ಹಾಕುವರು. ಕಟ್ಟಿನ ನಡುವೆ ಕೆಟ್ಟ ಬೀಡಿಯನ್ನು ಅಡಗಿಸಿಡುವುದು ಕಷ್ಟವೇನಲ್ಲ. ಅಮ್ಮಿ ರಾತ್ರಿ ಚಿಮಿಣಿ ಬೆಳಕಿನಲ್ಲಿ ಕೂಡ ಅಂಥದ್ದನ್ನು ಬಿಚ್ಚಿ ಮತ್ತೆ ಸುರುಟುತ್ತಿದ್ದರು. ಕೆಲವು ವರ್ಷಗಳ ನಂತರ ಬ್ರಾಂಚಿನವರು ಅಮ್ಮಿಯ ಕಟ್ಟು ಬಿಚ್ಚುವುದನ್ನೇ ಬಿಟ್ಟರು. ಅಮ್ಮಿಗೆ ಸಿಕ್ಕ ಸರ್ಟಿಫಿಕೇಟು ಅದೊಂದೇ.

ನಮ್ಮ ಕರಾವಳಿ ಬ್ಯಾಂಕುಗಳ ತೊಟ್ಟಿಲು. 1906ರಲ್ಲಿ ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರು ಸ್ಥಾಪಿಸಿದ ಸಂಸ್ಥೆ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿಗೆ ಬುನಾದಿ ಹಾಕಿದರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆಯಾದರೂ ಸರಿ, ಬಾಗಿಲಿಗೇ ಬಂದು ಸಂಗ್ರಹಿಸುವ ಕ್ರಮವದು. ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ 2020ರಲ್ಲಿ ವಿಲೀನವಾದವು. ಆದರೆ ಪಿಗ್ಮಿ ಸಂಗ್ರಹಿಸುವವರ ಚಿತ್ರ ನಮ್ಮ ಕಣ್ಣಿಂದ ಮರೆಯಾಗಿಲ್ಲ. ಬಂದರಿನಲ್ಲಿದ್ದ ಅಬ್ಬಾನ ಪುಟ್ಟ ಅಂಗಡಿಗೆ ಆಷಾಢದ ಮಳೆಯಲ್ಲೂ ಒಬ್ಬರು ದಿನಾ ಅದೇ ಹೊತ್ತಿಗೆ ಬರುತ್ತಿದ್ದರು. ಮೀನು ಮಾರುವ ಹೆಂಗಸರು ಸೆರಗಿನ ಗಂಟು ಬಿಚ್ಚಿ ಅವರ ಕೈಗೆ ಹಣ ಕೊಡುತ್ತಿದ್ದರು. ಅವರ ಡಿಗ್ರಿ ಯಾವುದೆಂದು ಯಾರೂ ಕೇಳಿದವರಲ್ಲ. ನಾವು ಅಮಾನತ್ ಎನ್ನುವುದೂ ಇದನ್ನೇ ಅಲ್ಲವೇ?

ತಂಗಿಯ ಮಗಳ ಹಾಳೆಯನ್ನು ಮತ್ತೆ ನೋಡಿದೆವು. ಬಲ್ಲ ಭಾಷೆಗಳು ಎಂಬಲ್ಲಿ ಇಂಗ್ಲಿಷ್, ಹಿಂದಿ, ಕನ್ನಡ ಎಂದಷ್ಟೇ ಇತ್ತು. "ಬ್ಯಾರಿ, ತುಳು, ಮಲಯಾಳಂ, ಉರ್ದು ಎಲ್ಲಿ ಹೋದವು?" ಎಂದೆವು. "ಅದನ್ನೆಲ್ಲ ಬರೆಯುತ್ತಾರಾ ಖಾಲಾ?" ಎಂದಳು. ಕಾಸರಗೋಡಿನಿಂದ ತಲಪಾಡಿ ದಾಟಿ ದಿನವೂ ರೋಗಿಗಳು ಮಂಗಳೂರಿಗೆ ಬರುತ್ತಾರೆ. 2020ರಲ್ಲಿ ಕೊರೋನಾ ಕಾಲಕ್ಕೆ ಆ ರಸ್ತೆ ಮುಚ್ಚಿದಾಗ ವಿಷಯ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. ಗಾಬರಿಯಲ್ಲಿ ನಿಂತ ಮನೆಯವರಿಗೆ ಬಿಲ್ಲಿನ ಲೆಕ್ಕವನ್ನು ಅವರದೇ ಮಾತಿನಲ್ಲಿ ಹೇಳಬಲ್ಲ ಹುಡುಗಿ ಆಸ್ಪತ್ರೆಗೆ ಬೇಡವೇ? ನೆರೆಮನೆಯ ಮಕ್ಕಳಿಗೆ ಟ್ಯೂಷನ್ ಹೇಳುವುದು, ನಾನಿಯ ಪಿ.ಎಫ್. ಪಿಂಚಣಿಯ ಕಾಗದಗಳಿಗಾಗಿ ಕಚೇರಿ ಅಲೆದು ಅದನ್ನು ಸರಿಪಡಿಸಿದ್ದು, ಯಾವುದನ್ನೂ ಅವಳು ಬರೆದಿರಲಿಲ್ಲ. ಇಲ್ಲದ ಗುಣಗಳನ್ನು ಕಡ ತಂದು, ಇರುವುದನ್ನು ನಾಚಿಕೆಯಿಂದ ಬಚ್ಚಿಟ್ಟಿದ್ದಳು. ನಮ್ಮ ಅನೇಕ ಮಕ್ಕಳ ಪಾಡು ಇದೇ.

ಎಷ್ಟೇ ಅರ್ಹತೆಯಿದ್ದರೂ ಹೆಸರು ಓದಿದ ಕೂಡಲೇ ಅರ್ಜಿಯನ್ನು ಬದಿಗಿಡುವವರಿಲ್ಲವೇ ಎಂದು ನೀವು ಕೇಳಬಹುದು. ಇದ್ದಾರೆ. ತಲೆಯ ಮೇಲಿನ ಸ್ಕಾರ್ಫ್ ನೋಡಿ "ತಿಳಿಸುತ್ತೇವೆ" ಎಂದು ಎರಡೇ ನಿಮಿಷದಲ್ಲಿ ಎಬ್ಬಿಸಿದವರನ್ನು ಈ ಹುಡುಗಿಯೇ ಕಂಡಿದ್ದಾಳೆ. ಅರ್ಜಿದಾರರಿಂದ ಪ್ರಾಮಾಣಿಕತೆ ಬಯಸುವವರು ತಾವೂ ಪ್ರಾಮಾಣಿಕವಾಗಿ ಆಯ್ಕೆ ಮಾಡಬೇಕಲ್ಲವೇ? ಯೋಗ್ಯರನ್ನು ಬಿಟ್ಟು ಸಂಬಂಧಿಕರನ್ನು ಗಲ್ಲಾದಲ್ಲಿ ಕೂರಿಸುವ ನಮ್ಮವರಿಗೂ ಈ ಮಾತು ಸಲ್ಲುತ್ತದೆ. ಆದರೆ ಒಂದು ಬಾಗಿಲು ಮುಚ್ಚಿತೆಂದು ಮುಂದಿನ ಬಾಗಿಲಿಗೆ ಸಿದ್ಧತೆಯಿಲ್ಲದೆ ಹೋಗುವುದು ನಮಗೆ ನಾವೇ ಮಾಡಿಕೊಳ್ಳುವ ಅನ್ಯಾಯ.

ಇಬ್ಬರೂ ಕುಳಿತು ಹಾಳೆಯನ್ನು ಹೊಸದಾಗಿ ಬರೆದೆವು. ಏಳು ಭಾಷೆಗಳೂ ಬಂದವು. ಟ್ಯಾಲಿಯ ಎದುರು ‘ಕಲಿಯುತ್ತಿದ್ದೇನೆ’ ಎಂದು ಬರೆಸಿದೆವು. ಕಳೆದ ವಾರ ಆಸ್ಪತ್ರೆಯಿಂದ ಕರೆ ಬಂತು. ವಿಮೆಯ ಬಿಲ್ ಮಾಡಿ ಗೊತ್ತಿದೆಯೇ ಎಂದು ಕೇಳಿದರಂತೆ. "ಗೊತ್ತಿಲ್ಲ ಸಾರ್. ಒಮ್ಮೆ ತೋರಿಸಿಕೊಟ್ಟರೆ ಕಲಿಯುತ್ತೇನೆ" ಎಂದಳಂತೆ. ಅದನ್ನು ಹೇಳುವಾಗ ಅವಳ ಸ್ವರದಲ್ಲಿ ಅಳುಕಿತ್ತು. ಮಂಚದಲ್ಲಿ ಮಲಗಿದ್ದ ಅಮ್ಮಿ, "ಮತ್ತೇನು? ಸರಿಯಾಗಿಯೇ ಹೇಳಿದ್ದೀ" ಎಂದರು.

ಉತ್ತರ ಇನ್ನೂ ಬಂದಿಲ್ಲ. ಆ ಹಾಳೆಯ ಇನ್ನೂ ಐದು ಜೆರಾಕ್ಸ್ ಪ್ರತಿ ಮಾಡಿಸಿಟ್ಟಿದ್ದೇವೆ.