ಕಡಲಿಗೂ ಅಭಯ

ಮರಾಠಿ, ಕನ್ನಡ ಎರಡರಲ್ಲೂ ಅಕ್ಷರ ಕಲಿತ ನನಗೆ ‘ಅಭಯಾರಣ್ಯ’ವು ಎರಡು ಭಾಷೆಗಳ ಕೂಡುಸೊತ್ತು. ಸೊಲ್ಲಾಪುರ, ಅಕ್ಕಲಕೋಟೆಯ ಬಯಲಿನವರಾದ ನಮಗೆ ಆ ಪದ ಕೇಳಿದೊಡನೆ ನೆನಪಾಗುವುದು ಮಾಳಢೋಕ ಪಕ್ಷಿಗಾಗಿ 1979ರಲ್ಲಿ ಘೋಷಿತವಾದ ನಾನ್ನಜದ ಹುಲ್ಲುಗಾವಲು. ಇದೇ ಮಹಾರಾಷ್ಟ್ರದ ಕೊಂಕಣ ತೀರದ ಮಾಲವಣದಲ್ಲಾದರೋ ಕಡಲೇ ಅಭಯಾರಣ್ಯ. ಶಿವಾಜಿ ಮಹಾರಾಜರು 1664ರಲ್ಲಿ ಕಟ್ಟಿಸತೊಡಗಿದ ಸಿಂಧುದುರ್ಗದ ಸುತ್ತಮುತ್ತಲಿನ 29.12 ಚದರ ಕಿ.ಮೀ. ಪ್ರದೇಶಕ್ಕೆ 1987ರಲ್ಲಿ ಈ ರಕ್ಷಣೆ ದೊರೆಯಿತು.

ಕೋಟೆಯ ಗೋಡೆಯನ್ನು ಎಲ್ಲರೂ ಕಾಣುತ್ತಾರೆ. ಅದರಾಚೆಯ ನೀರಿನೊಳಗೆ ಬೆಳೆದ ಹವಳವನ್ನು ಕಂಡವರು ವಿರಳ. ದೋಣಿಯ ಲಂಗರು ಬಿದ್ದರೆ, ಈಜುವವರ ಕಾಲು ತುಳಿದರೆ, ಹಲವು ವರ್ಷಗಳ ಬೆಳವಣಿಗೆ ಕ್ಷಣದಲ್ಲಿ ಮುರಿಯುತ್ತದೆ. ಆದರೂ ಅಲ್ಲಿನ ಮೀನುಗಾರರು ಅಭಯಾರಣ್ಯವನ್ನು ವಿರೋಧಿಸಿದರು. ಬಲೆ ಬೀಸುವ ಹಕ್ಕು ಕೈತಪ್ಪೀತೆಂಬ ಅಂಜಿಕೆ ಅವರದು.

ತರಗತಿಯಲ್ಲಿ ಈ ಸಮಾಸವನ್ನು ಬಿಡಿಸುವಾಗಲೆಲ್ಲ ನನ್ನನ್ನು ಕಾಡುವುದು ಪೂರ್ವಪದವೇ. ಹವಳಕ್ಕೆ ಅಭಯವಿತ್ತು ಮೀನುಗಾರನಿಗೆ ಭಯವನ್ನುಳಿಸಿದರೆ ಪದದ ಅರ್ಥ ಪೂರ್ಣವಾಗದು. ಆ ನೀರನ್ನು ದಿನವೂ ಬಲ್ಲವನನ್ನು ಹೊರಗಿಟ್ಟು ಅದನ್ನು ಕಾಯುವವರಾರು?

ವಿದ್ಯಾರ್ಥಿಗಳೇ, ಮಾಲವಣಕ್ಕೆ ಪ್ರವಾಸ ಹೋದಾಗ ಹವಳದ ಒಂದು ತುಣುಕನ್ನೂ ತರಬೇಡಿರಿ. ಮೀನು, ಗಾಳಿ, ಭರತ-ಇಳಿತಗಳಿಗೆ ಅಲ್ಲಿನವರು ಇಟ್ಟ ಹೆಸರುಗಳನ್ನು ಕೇಳಿ ಬರೆದುಕೊಂಡು ಬನ್ನಿರಿ.